ಮನೆಯ ಸಾಲಕ್ಕೆ ಹೊಲದ ಒತ್ತೆ

(ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ರೈತರಿಗೆ ಹಾಗೂ ವಿಸ್ತರಣಾ ಕಾರ್ಯಕರ್ತರಿಗೆ ನಡೆಸಿದ ತರಬೇತಿಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆಯಿಂದ ತಾವು ಕಡಲೆಯ ಸೊರಗು ರೋಗ, ಹಿಂಗಾರಿ ಜೋಳದ ತಳಿಗಳು, ಬೀಜೋಪಚಾರ ಇವುಗಳ ಬಗ್ಗೆ ಕೇಳಿದ್ದೀರಿ. ನಾನು ಬೆಳೆಯ ಮಾತನ್ನು ಸ್ವಲ್ಪ ಬದಿಗಿಟ್ಟು ಮನೆಯ ಮಾತನ್ನು ಎತ್ತಿಕೊಳ್ಳುತ್ತೇನೆ. ಕೃಷಿ ವಿಶ್ವವಿದ್ಯಾಲಯದವರಿಗೂ ಮನೆ ಕಟ್ಟುವುದಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧ ಇರುವುದು ಹೊಲದ ಉತಾರದಲ್ಲಿ. ಈ ಮೂರು ತಾಲೂಕುಗಳಲ್ಲಿ ನಾನು ತಿರುಗಿದಾಗಲೆಲ್ಲ ರೈತರು ಕೇಳುವ ಒಂದು ಪ್ರಶ್ನೆಯಿದೆ: "ಹೊಲದ ಉತಾರ ಇಟ್ಟರೆ ಮನೆ ಕಟ್ಟಲಿಕ್ಕೆ ಸಾಲ ಸಿಗುತ್ತದೆಯೇ?" ಕೆಲವು ಕಡೆ ಸಿಗುತ್ತದೆ, ಕೆಲವು ಕಡೆ ಸಿಗುವುದಿಲ್ಲ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಸಿಕ್ಕ ಸಾಲವನ್ನು ಹೊಲವು ತೀರಿಸಬಲ್ಲದೇ ಎಂಬುದನ್ನು.

ಮನೆಯ ಅಗತ್ಯವಿಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ಕಡೆಯ ಮನೆಗಳನ್ನು ತಾವು ಬಲ್ಲಿರಿ. ಮಣ್ಣಿನ ಗೋಡೆ, ತೊಲೆ-ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆ. ಬೇಸಿಗೆಯಲ್ಲಿ ಅದರಷ್ಟು ತಂಪಾದ ಮನೆ ಬೇರೊಂದಿಲ್ಲ. ಆದರೆ ನಾಲ್ಕು ದಿನ ಹಿಡಿದು ಮಳೆ ಹೊಡೆದರೆ ಗೋಡೆ ನೆನೆದು ಕುಸಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲಿನಲ್ಲಿ ಮಲಪ್ರಭೆ ಮತ್ತು ಬೆಣ್ಣೆಹಳ್ಳ ಒಟ್ಟಿಗೆ ಏರಿ ಬಂದಾಗ ನದಿ ದಂಡೆಯ ಊರುಗಳಲ್ಲಿ ಏನಾಯಿತೆಂಬುದು ಹೊಳೆಆಲೂರು, ಮೆಣಸಗಿ ಕಡೆಯವರಿಗೆ ಹೇಳಬೇಕಾಗಿಲ್ಲ. ಮತ್ತೆ 2019ರ ಆಗಸ್ಟಿನಲ್ಲಿ ಕೊಣ್ಣೂರು, ಲಖಮಾಪುರ ಮೊದಲಾದ ಊರುಗಳಿಗೆ ನೀರು ನುಗ್ಗಿತು. ಆಗ ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆದರೆ ಬಿರುಕು ಬಿಟ್ಟು ನಿಂತ ಮನೆಗೆ ಅಷ್ಟು ಹಣ ಬರುವುದಿಲ್ಲ. ಪ್ರವಾಹವಿಲ್ಲದ ವರ್ಷ ಸುಮ್ಮನೆ ಹಳತಾಗಿ ಜಾರಿದ ಗೋಡೆಗಂತೂ ಪರಿಹಾರದ ಮಾತೇ ಇಲ್ಲ. ಹೀಗಾಗಿ ರೈತನ ಕಣ್ಣು ಹೊಲದ ಕಡೆಗೆ ಹೋಗುತ್ತದೆ. ಅವನ ಹತ್ತಿರ ಬೆಲೆಬಾಳುವ ವಸ್ತುವೆಂದು ಇರುವುದು ಅದೊಂದೇ.

ಮೊದಲು ಬ್ಯಾಂಕಿನ ಮಾತು. ಪಟ್ಟಣದ ಬ್ಯಾಂಕಿಗೆ ಹೋಗಿ "ಎಂಟು ಎಕರೆ ಎರೆ ಹೊಲವಿದೆ, ಗೃಹಸಾಲ ಕೊಡಿರಿ" ಎಂದರೆ ಅಲ್ಲಿಯ ಅಧಿಕಾರಿಗಳು ತಲೆ ಅಲ್ಲಾಡಿಸುತ್ತಾರೆ. ರೈತನಿಗೆ ಸಿಟ್ಟು ಬರುತ್ತದೆ. ನೌಕರಿ ಇದ್ದವನಿಗೆ ಸಂಬಳದ ಚೀಟಿ ನೋಡಿ ಕೊಡುತ್ತಾರೆ, ಎಂಟು ಎಕರೆಯ ಒಡೆಯನಿಗೆ ಇಲ್ಲವೆನ್ನುತ್ತಾರೆ ಎಂದು. ಇದಕ್ಕೆ ಒಂದು ಕಾನೂನಿನ ಕಾರಣವಿದೆ. 2002ರಲ್ಲಿ ಬಂದ ಸರ್ಫೇಸಿ ಕಾಯ್ದೆಯ ಪ್ರಕಾರ, ಸಾಲ ಕಟ್ಟದಿದ್ದರೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡದೆಯೇ, ಒತ್ತೆಯಿಟ್ಟ ಮನೆಯನ್ನೋ ನಿವೇಶನವನ್ನೋ ವಶಪಡಿಸಿಕೊಂಡು ಮಾರಬಹುದು. ಆದರೆ ಅದೇ ಕಾಯ್ದೆಯ 31ನೆಯ ಕಲಮು ಕೃಷಿ ಭೂಮಿಯನ್ನು ಇದರಿಂದ ಹೊರಗಿಟ್ಟಿದೆ. ಹೊಲವನ್ನು ಆ ದಾರಿಯಲ್ಲಿ ಜಪ್ತಿ ಮಾಡಲು ಬರುವುದಿಲ್ಲ. ರೈತನಿಗೆ ಇದು ರಕ್ಷಣೆ, ಬ್ಯಾಂಕಿಗೆ ಅಡಚಣೆ. ಬೇಗ ವಸೂಲಿ ಮಾಡಲು ಬಾರದ ಒತ್ತೆಯ ಮೇಲೆ ಹದಿನೈದು-ಇಪ್ಪತ್ತು ವರ್ಷದ ಸಾಲ ಕೊಡಲು ಅವರು ಹಿಂಜರಿಯುತ್ತಾರೆ.

ಇಲ್ಲಿ ಯಾರಾದರೂ ಮಧ್ಯಸ್ಥರು ಸಲಹೆ ಕೊಡುತ್ತಾರೆ: "ಜಮೀನು ಎನ್.ಎ. ಮಾಡಿಸಿಬಿಡಿ, ಸಾಲ ತಾನಾಗಿ ಬರುತ್ತದೆ." ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೆಯ ಕಲಮಿನ ಪ್ರಕಾರ ಕೃಷಿ ಜಮೀನನ್ನು ಕೃಷಿಯೇತರ ಉಪಯೋಗಕ್ಕೆ ಪರಿವರ್ತಿಸಬಹುದು, ನಿಜ. ಪರಿವರ್ತನೆಯಾದ ತುಂಡಿಗೆ ಬೆಲೆ ಬರುತ್ತದೆ, ಸಾಲವೂ ಸಿಗಬಹುದು. ಆದರೆ ಆ ಆದೇಶ ಬಂದು ಉಳುಮೆ ನಿಂತ ದಿನವೇ ಮೇಲೆ ಹೇಳಿದ ರಕ್ಷಣೆಯೂ ಹೋಗುತ್ತದೆ ಎಂಬುದನ್ನು ಆ ಮಧ್ಯಸ್ಥರು ಹೇಳುವುದಿಲ್ಲ. ಉತಾರದಲ್ಲಿ ಕೃಷಿ ಎಂದು ಬರೆದಿದ್ದರಷ್ಟೇ ಸಾಲದು, ನೆಲದ ನಿಜವಾದ ಬಳಕೆ ಏನೆಂಬುದನ್ನೂ ನೋಡಬೇಕೆಂಬ ಅರ್ಥದ ತೀರ್ಪುಗಳನ್ನು ಸುಪ್ರೀಂ ಕೋರ್ಟು 2018ರಲ್ಲಿ ಕೊಟ್ಟಿದೆ. ಆದ್ದರಿಂದ ಮನೆಗೆ ಬೇಕಾದ ನಾಲ್ಕಾರು ಗುಂಟೆ ಪರಿವರ್ತಿಸುವುದು ಒಂದು ಮಾತು. ಸಾಲ ಹೆಚ್ಚು ಸಿಗಲೆಂದು ಇಡೀ ಹೊಲವನ್ನು ಪರಿವರ್ತಿಸುವುದು ಬೇರೆಯೇ ಮಾತು. ಹೊಲದ ಕೆಲಸಕ್ಕೆ ಬೇಕಾದ ಕಟ್ಟಡ, ಬಾವಿ ಇವುಗಳನ್ನು ಅದೇ 95ನೆಯ ಕಲಮಿನ ಮೊದಲ ಭಾಗದಲ್ಲಿಯೇ ಒಕ್ಕಲಿಗನಿಗೆ ಬಿಟ್ಟುಕೊಟ್ಟಿದ್ದಾರೆ. ದನದ ಕೊಟ್ಟಿಗೆಗೆ, ಕಣದ ಮನೆಗೆ ಪರಿವರ್ತನೆ ಬೇಕೆಂದು ಯಾರಾದರೂ ಹೆದರಿಸಿದರೆ ನೇರವಾಗಿ ತಹಶೀಲ್ದಾರ ಕಚೇರಿಯಲ್ಲಿ ವಿಚಾರಿಸಿರಿ.

ಹಾಗಾದರೆ ಹೊಲದ ಮೇಲೆ ದೀರ್ಘಾವಧಿ ಸಾಲ ಕೊಡುವವರೇ ಇಲ್ಲವೇ? ಇದ್ದಾರೆ. ಹಿರಿಯರು ಇಂದಿಗೂ "ಲ್ಯಾಂಡ್ ಮಾರ್ಗೇಜ್ ಬ್ಯಾಂಕು" ಎಂದೇ ಕರೆಯುವ, ಈಗ ಪ್ರಾಥಮಿಕ ಸಹಕಾರಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕು ಎಂಬ ಉದ್ದ ಹೆಸರಿನ ಸಂಸ್ಥೆಗಳು ಹುಟ್ಟಿದ್ದೇ ಜಮೀನಿನ ಅಡಮಾನದ ಮೇಲೆ ಸಾಲ ಕೊಡಲು. ಬಾವಿ, ಪೈಪ್‌ಲೈನು, ಟ್ರ್ಯಾಕ್ಟರು ಇವುಗಳ ಜೊತೆಗೆ ಗ್ರಾಮೀಣ ವಸತಿಗೂ ನಬಾರ್ಡ್ 2000ದ ದಶಕದ ಆರಂಭದಿಂದ ಮರುಹಣಕಾಸು ಒದಗಿಸುತ್ತ ಬಂದಿದೆ. ಯಾವ ವರ್ಷ ಯಾವ ಉದ್ದೇಶಕ್ಕೆ ತಾಲೂಕಿನ ಬ್ಯಾಂಕಿನಲ್ಲಿ ಹಣವಿದೆ ಎಂಬುದನ್ನು ಹೋಗಿ ಕೇಳಿಕೊಳ್ಳಬೇಕು. ಆದರೆ ಒಂದು ಮಾತು ಗಮನದಲ್ಲಿಡಿ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959 ಈ ಬ್ಯಾಂಕುಗಳಿಗೆ, ಕಂತು ತಪ್ಪಿದಾಗ, ಅಡಮಾನದ ಜಮೀನನ್ನು ನ್ಯಾಯಾಲಯಕ್ಕೆ ಹೋಗದೆಯೇ ಮಾರುವ ಅಧಿಕಾರ ಕೊಟ್ಟಿದೆ. "ಹೊಲ ಯಾರೂ ಜಪ್ತಿ ಮಾಡುವುದಿಲ್ಲ, ಸರ್ಫೇಸಿ ನಮಗೆ ಹತ್ತುವುದಿಲ್ಲ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ನಮ್ಮ ಜಿಲ್ಲೆಯವರಿಗೆ ಸಹಕಾರಿ ಸಾಲ ಹೊಸದೇನಲ್ಲ. ಗದಗದ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಸಾಹುಕಾರನ ಬಾಗಿಲಿಗೆ ಹೋಗದೆ ಊರವರ ಹಣ ಊರವರಿಗೇ ಸಿಗಲಿ ಎಂಬುದು ಅದರ ಉದ್ದೇಶ. ಆ ಸಂಘದ ಸಾಲಕ್ಕೆ ಮುಖ್ಯ ಆಧಾರ ಜಮೀನಿನ ಕಾಗದವಲ್ಲ, ಸದಸ್ಯರು ಒಬ್ಬರಿಗೊಬ್ಬರು ನಿಂತ ಜವಾಬ್ದಾರಿ. ಇಂದಿನ ಪತ್ತಿನ ಸಂಘಗಳಲ್ಲಿ ಅದು ಎಷ್ಟು ಉಳಿದಿದೆಯೆಂಬುದನ್ನು ತಾವೇ ಹೇಳಬೇಕು.

ಈಗ ಬೆಳೆಸಾಲ. ಇಲ್ಲಿ ಸ್ವಲ್ಪ ನಿಂತು ಮಾತಾಡುತ್ತೇನೆ, ಏಕೆಂದರೆ ಹೆಚ್ಚಿನ ಮನೆಗಳು ಏಳುವುದು ಮನೆಸಾಲದಿಂದಲ್ಲ, ಬೆಳೆಸಾಲದಿಂದ. ಕಿಸಾನ್ ಕ್ರೆಡಿಟ್ ಕಾರ್ಡಿನ ಹಣ ಮೇ-ಜೂನ್ ತಿಂಗಳಲ್ಲಿ ಕೈಗೆ ಬರುತ್ತದೆ. ಅದೇ ಸಮಯಕ್ಕೆ ಗವಂಡಿ ಬಂದು ಬಾಗಿಲಲ್ಲಿ ನಿಂತಿರುತ್ತಾನೆ, ಮಳೆಗಾಲಕ್ಕೆ ಮೊದಲು ಗೋಡೆ ಏರಿಸಬೇಕು. ಹೆಸರು, ಹತ್ತಿ ಬಿತ್ತಲು ತಂದ ಹಣ ಇಟ್ಟಂಗಿ, ಉಸುಕು, ಸಿಮೆಂಟಿಗೆ ಹೋಗುತ್ತದೆ. ಬೀಜ-ಗೊಬ್ಬರವನ್ನು ಅಡತಿ ಅಂಗಡಿಯಲ್ಲಿ ಉದ್ರಿ ತರುತ್ತಾರೆ. ಮುಂದೆ ಮಾಲು ಅದೇ ಅಂಗಡಿಗೆ, ಅವರು ಹೇಳಿದ ದರಕ್ಕೆ. ಬ್ಯಾಂಕಿನ ಕಂತಿನ ದಿನ ಬಂದಾಗ ಕೈಯಲ್ಲಿ ಹಣವಿಲ್ಲ.

ಇದರಿಂದ ಕಳೆದುಕೊಳ್ಳುವುದು ಎಷ್ಟು ನೋಡಿರಿ. 3 ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಕೇಂದ್ರದ ಬಡ್ಡಿ ಸಹಾಯ ಯೋಜನೆಯಲ್ಲಿ ದರ ಶೇ. 7. ಸಕಾಲಕ್ಕೆ ತಿರುಗಿ ಕಟ್ಟಿದವರಿಗೆ ಶೇ. 3 ಬಿಟ್ಟು ಶೇ. 4 ಮಾತ್ರ. ಸಹಕಾರಿ ಸಂಘಗಳಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರಕಾರ 2023-24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಇಷ್ಟು ಸೋವಿಯ ಹಣ ರೈತನಿಗೆ ಬೇರೆಲ್ಲಿಯೂ ಸಿಗದು. ಅದು ಸೋವಿಯಾಗಿರುವುದು ಅವಧಿಯೊಳಗೆ ತಿರುಗಿ ಬಂದರೆ ಮಾತ್ರ. ಗೋಡೆಯಲ್ಲಿ ಸೇರಿಕೊಂಡ ಹಣ ಒಂದೇ ವರ್ಷದಲ್ಲಿ ತಿರುಗಿ ಬರುವುದು ಹೇಗೆ? ಕಟಬಾಕಿಯಾದ ಮೇಲೆ ರಿಯಾಯಿತಿ ಹೋಯಿತು, ಮರುವರ್ಷದ ಸಾಲವೂ ನಿಂತಿತು. ಕಾರ್ಡಿನ ಮಿತಿ ಲೆಕ್ಕ ಹಾಕುವಾಗ ಸುಗ್ಗಿಯ ನಂತರದ ಮತ್ತು ಮನೆವಾರ್ತೆಯ ಖರ್ಚಿಗೆಂದು ಬೆಳೆ ವೆಚ್ಚದ ಶೇ. 10ನ್ನು ಸೇರಿಸುತ್ತಾರೆ. ಮಾಳಿಗೆ ಸೋರುವುದನ್ನು ಕಟ್ಟಿಸುವಷ್ಟಕ್ಕೆ ಅದು ಸಾಕು, ಮನೆ ಕಟ್ಟಲಿಕ್ಕಲ್ಲ.

ಇನ್ನೊಂದು ಸಂಗತಿ. 2008ರ ಕೇಂದ್ರದ ಸಾಲಮನ್ನಾ ಕೃಷಿ ಸಾಲಗಳಿಗೆ ಬಂತು, 2017 ಮತ್ತು 2018ರ ರಾಜ್ಯದ ಮನ್ನಾಗಳು ಬೆಳೆಸಾಲಗಳಿಗೆ ಬಂದವು. ಮನ್ನಾ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ಮನೆಯ ಸಾಲಕ್ಕೆ ಇವು ಯಾವುವೂ ಹತ್ತಲಿಲ್ಲ ಎಂಬುದಷ್ಟೇ ನನ್ನ ಮಾತು. ಹೊಲ ಒಂದೇ, ಆದರೆ ಅದರ ಮೇಲೆ ಬೆಳೆಗೆಂದು ತಂದ ಸಾಲಕ್ಕೂ ಮನೆಗೆಂದು ತಂದ ಸಾಲಕ್ಕೂ ಬರಗಾಲದಲ್ಲಿ ಸಿಗುವ ಮರ್ಯಾದೆ ಬೇರೆ.

ಬೆಳೆಸಾಲಕ್ಕೇ ಎಷ್ಟೋ ಜನ ಇಡೀ ಹೊಲದ ಮೇಲೆ ಬೋಜಾ ಏರಿಸಿಕೊಂಡಿರುತ್ತಾರೆ. ಕರ್ನಾಟಕದಲ್ಲಿ 1974ರ ಕೃಷಿ ಸಾಲ ವ್ಯವಹಾರಗಳ ಕಾಯ್ದೆಯ ಪ್ರಕಾರ ರೈತನು ಒಂದು ಘೋಷಣಾ ಪತ್ರ ಬರೆದುಕೊಟ್ಟರೆ ಸಾಕು, ಜಮೀನಿನ ಮೇಲೆ ಬ್ಯಾಂಕಿನ ಹಕ್ಕು ನಿರ್ಮಾಣವಾಗುತ್ತದೆ, ಉತಾರದ 11ನೆಯ ಕಾಲಂನಲ್ಲಿ ನಮೂದಾಗುತ್ತದೆ. ರಿಸರ್ವ್ ಬ್ಯಾಂಕು 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳಬಾರದೆಂದು ತಿಳಿಸಿದೆ. ಅದಕ್ಕೆ ಮೊದಲು ಈ ಮಿತಿ 1 ಲಕ್ಷ 60 ಸಾವಿರ ಇತ್ತು. ಅಂದರೆ ಸಣ್ಣ ಬೆಳೆಸಾಲಕ್ಕೆ ಹೊಲ ಕಟ್ಟಿಹಾಕಬೇಕಾಗಿಲ್ಲ. ಈ ಸುತ್ತೋಲೆಯ ವಿಷಯ ವಿಸ್ತರಣಾ ಕಾರ್ಯಕರ್ತರು ಪ್ರತಿ ಊರಿನಲ್ಲಿ ಹೇಳಬೇಕೆಂದು ನನ್ನ ವಿನಂತಿ. ಗೊಬ್ಬರದ ಪ್ರಮಾಣ ಹೇಳುವಷ್ಟೇ ಇದೂ ಮುಖ್ಯ.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ರೈತನಿಗೆ 5 ಲಕ್ಷ ರೂಪಾಯಿ ಮನೆಸಾಲ ಸಿಕ್ಕಿತೆಂದಿಟ್ಟುಕೊಳ್ಳಿ. ಬಡ್ಡಿ ಶೇ. 9, ಅವಧಿ 15 ವರ್ಷ, ವರ್ಷಕ್ಕೊಂದು ಕಂತು. ಆಗ ಪ್ರತಿ ಕಂತು ಸುಮಾರು 62 ಸಾವಿರ ರೂಪಾಯಿ. ಹದಿನೈದು ವರ್ಷದಲ್ಲಿ ಕಟ್ಟುವ ಒಟ್ಟು ಹಣ 9 ಲಕ್ಷ 30 ಸಾವಿರ. ಈ 62 ಸಾವಿರ ಎಲ್ಲಿಂದ ಬರಬೇಕು? ಮಳೆಯಾಶ್ರಿತ ಎರೆ ಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಕಡಲೆ, ಕ್ವಿಂಟಲಿಗೆ 5,500 ರೂಪಾಯಿ ಎಂದು ಹಿಡಿದರೆ 22 ಸಾವಿರವಾಯಿತು. ಬೀಜ, ರಂಟೆ, ಕುಂಟೆ, ಔಷಧಿ, ಕೊಯ್ಲು, ಮಿಷನ್ನು, ಬಾಡಿಗೆ ಎಲ್ಲ ಸೇರಿ 10 ಸಾವಿರ ಕಳೆದರೆ 12 ಸಾವಿರ ಉಳಿಯಿತು. ಇವು ನಾನು ಉದಾಹರಣೆಗೆ ಹಿಡಿದ ಅಂಕಿಗಳು. ನಿಮ್ಮ ಹೊಲದ ಅಂಕಿ ನಿಮ್ಮ ಪಟ್ಟಿಯಿಂದ ಹಾಕಿಕೊಳ್ಳಿರಿ. ಈ ಲೆಕ್ಕದಲ್ಲಿ ಐದು ಎಕರೆಯ ಪೂರ್ತಿ ಉಳಿತಾಯ ಒಂದು ಕಂತಿಗೆ ಬೇಕು. ಅದೂ ಹದಿನೈದು ವರ್ಷ ಒಂದೂ ತಪ್ಪದೆ. ಎಂಟು ಎಕರೆಯವನಿಗೆ ಊಟಕ್ಕೆ, ಮಕ್ಕಳ ಓದಿಗೆ, ಎತ್ತಿನ ಮೇವಿಗೆ ಉಳಿಯುವುದು ಮೂರು ಎಕರೆ.

ಮಳೆ ಹದಿನೈದು ವರ್ಷ ಒಂದೇ ಸಮನೆ ಬರುವುದಿಲ್ಲ. 2001ರಿಂದ ಸಾಲಾಗಿ ಬಂದ ಬರಗಳನ್ನು ಇಲ್ಲಿ ಕುಳಿತ ಹಲವರು ಕಂಡಿದ್ದೀರಿ. 2023ರಲ್ಲಿ ರಾಜ್ಯದ ಬಹುತೇಕ ತಾಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಆದ್ದರಿಂದ ನಾನು ಹೇಳುವ ಅಳತೆ ಇಷ್ಟು: ಹಿಂದಿನ ಐದು ವರ್ಷದಲ್ಲಿ ಅತಿ ಕೆಟ್ಟ ಎರಡು ವರ್ಷಗಳ ಉಳಿತಾಯವನ್ನು ನೋಡಿ, ಒಳ್ಳೆಯ ವರ್ಷದ್ದನ್ನಲ್ಲ. ಆ ಕೆಟ್ಟ ವರ್ಷದಲ್ಲಿಯೂ ಹೊಲ, ಹೈನು, ಮನೆಯವರ ನೌಕರಿ ಅಥವಾ ನೇಯ್ಗೆಯ ಕೂಲಿ, ಎಲ್ಲ ಸೇರಿ ಎಷ್ಟು ಕಟ್ಟಲು ಸಾಧ್ಯವಿತ್ತೋ ಅಷ್ಟೇ ಕಂತಿನ ಸಾಲ ತೆಗೆಯಿರಿ. ಗಜೇಂದ್ರಗಡದ ಕಡೆ ಮನೆಯಲ್ಲಿ ಮಗ್ಗವಿದ್ದವರಿಗೆ ಮಳೆಯ ಮೇಲೆ ನಿಲ್ಲದ ಒಂದು ಆದಾಯವಿರುತ್ತದೆ. ಬರೀ ಹಿಂಗಾರಿಯನ್ನು ನಂಬಿದವರು ಅವರನ್ನು ನೋಡಿ ಅಷ್ಟೇ ಸಾಲ ಎತ್ತಬಾರದು.

ನರಗುಂದ ಕಡೆಯವರಿಗೆ ಇನ್ನೊಂದು ಮಾತು. ಉತಾರದಲ್ಲಿ ನೀರಾವರಿ ಎಂದಿದ್ದರೆ ಹೊಲದ ಬೆಲೆ ಏರುತ್ತದೆ, ಸಾಲದ ಮಿತಿಯೂ ಏರುತ್ತದೆ. ಆದರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರುತ್ತದೆಯೇ? ಕಾಗದದಲ್ಲಿ ನೀರಾವರಿ, ಹೊಲದಲ್ಲಿ ಬಿರುಕು ಎಂಬುದು ಈ ಭಾಗಕ್ಕೆ ಹೊಸದಲ್ಲ. ನೀರು ಸರಿಯಾಗಿ ಮುಟ್ಟದ ಜಮೀನಿಗೂ ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರ ಹೇರಿದ್ದು 1980ರ ರೈತ ಚಳವಳಿಯ ಮುಖ್ಯ ಕಾರಣಗಳಲ್ಲೊಂದು. ಆ ಜುಲೈ 21ರ ಗೋಲಿಬಾರಿನ ನೆನಪು ನರಗುಂದ, ನವಲಗುಂದದಲ್ಲಿ ಇಂದಿಗೂ ಹಸಿಯಾಗಿದೆ. ಅಂದು ಕಾಗದದ ನೀರಿನ ಮೇಲೆ ಸರಕಾರ ಕರ ಕೇಳಿತು. ಇಂದು ಅದೇ ಕಾಗದದ ನೀರನ್ನು ನಂಬಿ ನಾವೇ ಹೆಚ್ಚು ಸಾಲ ಎತ್ತಬಾರದು.

ಬ್ಯಾಂಕು ಕೊಡದಿದ್ದಾಗ ದಾರಿ ಹೋಗುವುದು ಸಾಹುಕಾರರ ಕಟ್ಟೆಗೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ವರ್ಷಕ್ಕೆ ಅದು ಶೇ. 36. ಮೂರು ಲಕ್ಷಕ್ಕೆ ವರ್ಷದ ಬಡ್ಡಿಯೇ 1 ಲಕ್ಷ 8 ಸಾವಿರ, ಅಸಲು ಹಾಗೇ ನಿಂತಿರುತ್ತದೆ. ಆದರೆ ಬಡ್ಡಿಗಿಂತ ದೊಡ್ಡ ಅಪಾಯ ಕಾಗದದಲ್ಲಿದೆ. ಸಾಲ ಕೊಡುವವನು ಗಹಾಣ ಪತ್ರ ಬೇಡ, ಖರೀದಿ ಪತ್ರವನ್ನೇ ನೋಂದಣಿ ಮಾಡಿಕೊಡು ಎನ್ನುತ್ತಾನೆ. "ಹಣ ಕೊಟ್ಟ ದಿನ ಹೊಲ ತಿರುಗಿ ಬರೆದುಕೊಡುತ್ತೇನೆ, ನಾಲ್ಕು ಜನರ ಮುಂದೆ ಮಾತು" ಎಂದು ನಂಬಿಸುತ್ತಾನೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಗೆ 1929ರಲ್ಲಿ ಆದ ತಿದ್ದುಪಡಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹಣ ತಿರುಗಿಸಿದರೆ ಹೊಲ ತಿರುಗಿ ಕೊಡಬೇಕೆಂಬ ಷರತ್ತು ಅದೇ ಖರೀದಿ ಪತ್ರದಲ್ಲಿ ಬರೆದಿರಬೇಕು. ಇಲ್ಲವಾದರೆ ಅದನ್ನು ಷರತ್ತಿನ ಕ್ರಯದ ಅಡಮಾನವೆಂದು ಎಣಿಸುವುದಿಲ್ಲ. ಬೇರೆ ಚೀಟಿಯಲ್ಲಿ ಬರೆದದ್ದು, ಗುಡಿಯಲ್ಲಿ ಆಣೆ ಮಾಡಿದ್ದು ಈ ಕಲಮಿಗೆ ಸಾಲದು. ನಿಮ್ಮ ಕಣ್ಣಿಗೆ ಅದು ಸಾಲ, ಕಾನೂನಿನ ಕಣ್ಣಿಗೆ ಅದು ಮಾರಾಟ.

ಈ ರೋಗ ಹಳೆಯದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತು, ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಇಳಿಯಿತು. ಬೆಲೆ ಏರಿದಾಗ ಸಾಹುಕಾರರು ಜಮೀನಿನ ಮೇಲೆ ಧಾರಾಳವಾಗಿ ಕೊಟ್ಟ ಸಾಲ ಮಾತ್ರ ಇಳಿಯಲಿಲ್ಲ. 1875ರಲ್ಲಿ ಪುಣೆ, ಅಹಮದನಗರ ಕಡೆಯ ರೈತರು ಸಾಹುಕಾರರ ಕಾಗದಗಳನ್ನು ಸುಟ್ಟರು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಮೊದಲು ಮುಂಬಯಿ ಪ್ರಾಂತದ ನಾಲ್ಕು ಜಿಲ್ಲೆಗಳಿಗೆ, ಮುಂದೆ ಇತರ ಜಿಲ್ಲೆಗಳಿಗೂ ಅದನ್ನು ವಿಸ್ತರಿಸಿದರು. ಖರೀದಿ ಎಂದು ಬರೆದ ಕಾಗದದ ಹಿಂದೆ ನಿಜವಾಗಿ ನಡೆದದ್ದು ಸಾಲವೇ ಎಂಬುದನ್ನು ನ್ಯಾಯಾಲಯ ಕೆದಕಿ ನೋಡಲು ಆ ಕಾಯ್ದೆಯಲ್ಲಿ ಅವಕಾಶವಿತ್ತು. ಆ ಕಾಯ್ದೆ ಈಗಿಲ್ಲ. ಈಗ ಕಾಗದದಲ್ಲಿ ಬರೆದದ್ದೇ ಮುಖ್ಯ. ಮೇಲಾಗಿ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರು ಜಮೀನು ಕೊಳ್ಳಲು ಇದ್ದ ತಡೆ ಹೋಗಿದೆ. ಕೈ ತಪ್ಪಿದ ಹೊಲ ಊರಿನ ಇನ್ನೊಬ್ಬ ಒಕ್ಕಲಿಗನ ಕೈಗೇ ಹೋಗಬೇಕೆಂದೇನೂ ಇಲ್ಲ.

ಸಾಹುಕಾರನಲ್ಲಿಯೇ ತೆಗೆಯಬೇಕಾಗಿ ಬಂದರೆ, ಲೈಸೆನ್ಸು ಇದ್ದವನಲ್ಲಿ, ನೋಂದಾಯಿತ ಗಹಾಣ ಪತ್ರದ ಮೇಲೆಯೇ ತೆಗೆಯಿರಿ. ಗಹಾಣವಾದರೆ ಬಿಡಿಸಿಕೊಳ್ಳುವ ಹಕ್ಕು ನಿಮಗೆ 30 ವರ್ಷ ಇರುತ್ತದೆ. ಸಾಲಕ್ಕಾಗಿ ದೈಹಿಕವಾಗಿಯೋ ಮಾನಸಿಕವಾಗಿಯೋ ಪೀಡಿಸುವುದನ್ನು ತಡೆಯಲು ರಾಜ್ಯವು 2025ರ ಫೆಬ್ರುವರಿಯಲ್ಲಿ ಕಿರುಸಾಲಗಳ ಸುಗ್ರೀವಾಜ್ಞೆ ತಂದಿತು. ಬಾಗಿಲಿಗೆ ಬಂದು ಅವಮಾನಿಸುವವರ ಮೇಲೆ ಪೊಲೀಸರಿಗೆ ದೂರು ಕೊಡಲು ಹಿಂಜರಿಯಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಮನೆ ಕಟ್ಟುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ ಮನೆಯ ಸಾಲಕ್ಕೆ ಮನೆಯನ್ನೇ ಒತ್ತೆ ಇಡಬೇಕು. ಅನ್ನ ಕೊಡುವ ಹೊಲ ಕೊನೆಯದಾಗಿರಬೇಕು. ಇಲ್ಲಿಯವರೆಗೆ ಗಾಂವಠಾಣದ ಮನೆಗೆ ಸರಿಯಾದ ಕಾಗದವೇ ಇರುತ್ತಿರಲಿಲ್ಲ, ಅದಕ್ಕೇ ಎಲ್ಲರೂ ಹೊಲಕ್ಕೆ ಕೈಹಾಕುತ್ತಿದ್ದರು. 2013ರಿಂದ ಇ-ಸ್ವತ್ತು ಮೂಲಕ ಗ್ರಾಮ ಪಂಚಾಯತಿ ನಮೂನೆ 9 ಮತ್ತು 11 ಕೊಡುತ್ತದೆ. 2020ರ ಏಪ್ರಿಲಿನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗಾಂವಠಾಣದ ಆಸ್ತಿಗಳನ್ನು ಅಳೆದು ಆಸ್ತಿ ಕಾರ್ಡು ಕೊಡುತ್ತಿದ್ದಾರೆ. ಈ ಕಾರ್ಡನ್ನು ಸಾಲಕ್ಕೆ ಆಧಾರವಾಗಿ ಬಳಸಲು ಬರಬೇಕೆಂಬುದು ಯೋಜನೆಯ ಉದ್ದೇಶಗಳಲ್ಲೊಂದು. ಕಾರ್ಡು ಬಂದ ಊರವರು ಹೆಸರು, ಅಳತೆ, ಚಕ್ಕಬಂದಿ ಸರಿಯಿದೆಯೇ ನೋಡಿ ಇಟ್ಟುಕೊಳ್ಳಿರಿ.

ಮನೆಯನ್ನು ಒತ್ತೆ ಇಟ್ಟರೆ ಮನೆ ಹೋಗುವುದಿಲ್ಲವೇ ಎಂದು ಕೇಳುವಿರಿ. ಹೋಗಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು, ಸಾಮಾನ್ಯ ಹಣದ ಡಿಕ್ರಿಗಾಗಿ ರೈತ ತಾನು ವಾಸಿಸುವ ಮನೆಯನ್ನೂ ಒಕ್ಕಲುತನದ ಸಾಮಾನನ್ನೂ ಎತ್ತುಗಳನ್ನೂ ಜಪ್ತಿ ಮಾಡದಂತೆ ಕಾಯುತ್ತದೆ. ತಾನೇ ಬರೆದುಕೊಟ್ಟು ಒತ್ತೆಯಿಟ್ಟ ಮನೆಗೆ ಈ ರಕ್ಷಣೆ ನಿಲ್ಲುವುದಿಲ್ಲ. ಹಾಗಿದ್ದೂ ನಾನು ಮನೆಯನ್ನೇ ಮುಂದಿಡಿ ಎನ್ನುತ್ತೇನೆ. ಮನೆ ಹೋದ ರೈತ ಹೊಲದಲ್ಲಿ ಗುಡಿಸಲು ಹಾಕಿ ಮತ್ತೆ ಎದ್ದುಕೊಳ್ಳಬಲ್ಲ. ಹೊಲ ಹೋದವನಿಗೆ ಸ್ಲ್ಯಾಬಿನ ಮನೆ ಉಳಿದರೂ ಅದು ಕೂಲಿಗೆ ಹೋಗಿ ಬಂದು ಮಲಗುವ ಜಾಗ.

ಅರ್ಹತೆ ಇದ್ದವರು ಸಾಲಕ್ಕೆ ಮೊದಲು ಸಹಾಯಧನ ನೋಡಬೇಕು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಯಲುಸೀಮೆಯಲ್ಲಿ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ಕೊಡುತ್ತದೆ, ಬೇಕಾದವರಿಗೆ 70 ಸಾವಿರದವರೆಗೆ ಬ್ಯಾಂಕು ಸಾಲಕ್ಕೂ ಅನುಕೂಲ ಮಾಡಿಕೊಡುತ್ತದೆ. ಮನೆಯ ಕನಿಷ್ಠ ಅಳತೆ 25 ಚದರ ಮೀಟರು. ಹಣ ಮನೆ ಎದ್ದಂತೆ ಕಂತಿನಲ್ಲಿ ಬರುತ್ತದೆ. ಆ ಹಣಕ್ಕೆ ತಕ್ಕ ಮನೆಯ ನಕ್ಷೆ ಹಾಕುವುದನ್ನು ಬಿಟ್ಟು, ಮೊದಲು ಎರಡು ಅಂತಸ್ತಿನ ಪಾಯ ತೆಗೆದು, ಆಮೇಲೆ ಉಳಿದದ್ದಕ್ಕೆ ಹೊಲ ಒತ್ತೆಯಿಡುವವರನ್ನು ನಾನು ಬಹಳ ಊರುಗಳಲ್ಲಿ ಕಂಡಿದ್ದೇನೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದ್ದನ್ನು ನಾವು ಎರಡೂ ಒಂದೇ ವರ್ಷದಲ್ಲಿ ಮಾಡಿ ನೋಡುತ್ತಿದ್ದೇವೆ.

ಪಾಯದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲೆ ಮಸಾರಿ ಭೂಮಿಯ ಪಾಯ ಹಾಕಿದರೆ ಮೂರು ವರ್ಷದಲ್ಲಿ ಗೋಡೆ ಸೀಳುತ್ತದೆ, ಸಾಲ ಮಾತ್ರ ಹನ್ನೆರಡು ವರ್ಷ ಬಾಕಿ. ಎರೆಯನ್ನು ಗಟ್ಟಿ ಪದರು ಸಿಗುವವರೆಗೆ ತೆಗೆದು ಗರಸು ತುಂಬಿ ದಮ್ಮಸು ಮಾಡಬೇಕು. ಎರೆ ಬಹಳ ಆಳವಿದ್ದರೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿದ ಪದ್ಧತಿಯಂತೆ ಮೂರು-ಮೂರೂವರೆ ಮೀಟರು ಗುಂಡಿ ಕೊರೆದು, ಬುಡವನ್ನು ಅಗಲಿಸಿ, ಕಾಂಕ್ರೀಟು ತುಂಬಿ, ಮೇಲೆ ಬೀಮು ಹಾಯಿಸಬೇಕು. ನರಗುಂದ ಪಟ್ಟಣದಲ್ಲಿ ಕೆಲವು ವರ್ಷಗಳ ಹಿಂದೆ ಮನೆಗಳೊಳಗೇ ನೆಲ ಕುಸಿದಾಗ ಹಳೆಯ ಹಗೇವುಗಳ ಮಾತು ಎದ್ದಿತು. ಹಳೆಯ ಓಣಿಯಲ್ಲಿ ಕಟ್ಟುವವರು ಕೆಳಗೆ ಹಗೇವು ಇದೆಯೇ ಎಂದು ಹಿರಿಯರನ್ನು ಕೇಳಿ, ಇದ್ದರೆ ತುಂಬಿಸಿ ಕಟ್ಟಿರಿ. ಈ ಖರ್ಚನ್ನೆಲ್ಲ ಅಂದಾಜಿನಲ್ಲಿ ಮೊದಲೇ ಸೇರಿಸದಿದ್ದರೆ ಅರ್ಧಕ್ಕೆ ನಿಂತ ಮನೆಗೆ ಎರಡನೆಯ ಸಾಲ ಹುಡುಕಬೇಕಾಗುತ್ತದೆ.

ಎಲ್ಲ ನೋಡಿಯೂ ಹೊಲವನ್ನೇ ಇಡಬೇಕಾಗಿ ಬಂದರೆ, ಪೂರ್ತಿ ಇಡಬೇಡಿರಿ. ಎಂಟು ಎಕರೆ ಬರೆದುಕೊಟ್ಟು ಮೂರು ಲಕ್ಷ ತೆಗೆದರೆ, ಕೊನೆಯ ರೂಪಾಯಿ ಮುಟ್ಟುವವರೆಗೆ ಎಂಟೂ ಎಕರೆ ಕಟ್ಟಿನಲ್ಲಿರುತ್ತದೆ. ಅರ್ಧ ಸಾಲ ತೀರಿತೆಂದು ಅರ್ಧ ಹೊಲ ಬಿಡು ಎಂದು ಕೇಳುವ ಹಕ್ಕಿಲ್ಲ. ಮೊದಲೇ 11ಇ ನಕ್ಷೆ ಮಾಡಿಸಿ, ಪೋಡಿಯಾಗಿ ಬೇರೆ ಹಿಸ್ಸಾ ಬಂದ ಮೇಲೆ, ಸಾಲಕ್ಕೆ ಸಾಕಾಗುವ ಎರಡು ಎಕರೆಯನ್ನು ಮಾತ್ರ ಇಡಿರಿ. ವಾಟ್ನಿಯಾಗದ ಹೊಲವಾದರೆ ಅಣ್ಣತಮ್ಮಂದಿರ ಸಹಿಯಷ್ಟೇ ಸಾಲದು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯ ಹಕ್ಕುದಾರರು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ದೃಢಪಡಿಸಿದೆ. ಅಕ್ಕತಂಗಿಯರನ್ನು ಕೇಳದೆ ಮನೆಗೆಂದು ಹೊಲ ಒತ್ತೆಯಿಟ್ಟು, ಆಮೇಲೆ ಅವರು ತಕರಾರು ಮಾಡಿದರೆಂದು ತವರಿನ ಬಾಗಿಲು ಮುಚ್ಚುವುದು ಸರಿಯಲ್ಲ. ಸರಕಾರದಿಂದ ಮಂಜೂರಾದ ಜಮೀನಾದರೆ, ಅದರಲ್ಲೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ, 1978ರ ಕಾಯ್ದೆಯ ನಿರ್ಬಂಧಗಳಿವೆ. ಮಂಜೂರಾತಿ ಆದೇಶವನ್ನು ಮೊದಲು ತೋರಿಸಿ ಕೇಳಬೇಕು. ಗಜೇಂದ್ರಗಡ ಈಚೆಗೆ ಬೇರೆ ತಾಲೂಕಾದದ್ದರಿಂದ ಅಲ್ಲಿಯ ಹಳೆಯ ಕಾಗದಗಳಲ್ಲಿ ತಾಲೂಕು ರೋಣ ಎಂದೇ ಇರುತ್ತದೆ. ಅದಕ್ಕೆ ಗಾಬರಿಯಾಗಬೇಕಾಗಿಲ್ಲ, ಸರ್ವೇ ನಂಬರು ಹೊಂದಿದರೆ ಸಾಕು.

ಸಾಲ ತೀರಿದ ದಿನ ಕೆಲಸ ಮುಗಿಯುವುದಿಲ್ಲ. ಬ್ಯಾಂಕಿನಿಂದ ಬಾಕಿಯಿಲ್ಲದ ಪತ್ರ ತೆಗೆದುಕೊಂಡು, ನೋಂದಾಯಿತ ಅಡಮಾನವಿದ್ದರೆ ಬಿಡುಗಡೆ ಪತ್ರವನ್ನೂ ನೋಂದಾಯಿಸಿ, ಉತಾರದ 11ನೆಯ ಕಾಲಂನಿಂದ ಬೋಜಾ ಕಮ್ಮಿ ಮಾಡಿಸಬೇಕು. ಅಪ್ಪ ತೀರಿಸಿದ ಸಾಲದ ಬೋಜಾ ಮಗನ ಉತಾರದಲ್ಲಿ ಇಪ್ಪತ್ತು ವರ್ಷ ಉಳಿದ ಉದಾಹರಣೆಗಳಿವೆ. ಅಡವಿಟ್ಟ ಮೂಲ ಕಾಗದಗಳನ್ನು, ಗೃಹಸಾಲದಂಥ ವೈಯಕ್ತಿಕ ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ತಿರುಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲ ಕೊಟ್ಟ ಸಂಸ್ಥೆಯೇ ನಿಮಗೆ ಕೊಡಬೇಕು.

ಇಂದು ತರಬೇತಿಗೆ ಬರುವಾಗ ಉತಾರ ತರಲು ಹೇಳಿದ್ದೆವು. ತಂದವರು ಮುಂದೆ ಬಂದು ಕುಳಿತುಕೊಳ್ಳಿರಿ. ಮೊದಲು 9ನೆಯ ಕಾಲಂನಲ್ಲಿ ಯಾರ ಯಾರ ಹೆಸರಿವೆ, ಆಮೇಲೆ 11ನೆಯದರಲ್ಲಿ ಏನಿದೆ ಎಂಬುದನ್ನು ಒಬ್ಬೊಬ್ಬರದಾಗಿ ಓದೋಣ.